ಜಾಗ ಬದಲಿಸಿದ ಸಾಕ್ಷಿಮನೆ

“ಕುರ್ಚಿ ಕೊಡಬೇಡ,” ಅಂತ ಒಳಗಿನಿಂದ ಮೇಷ್ಟ್ರ ದನಿ ಬಂತು. “ನಿಂತುಕೊಂಡೇ ಹೇಳಲಿ.”

ಮೇಷ್ಟ್ರ ಹೆಂಡತಿ ಅರ್ಧ ಎಳೆದಿದ್ದ ಕುರ್ಚಿಯನ್ನು ಅಲ್ಲಿಗೇ ಬಿಟ್ಟರು. ಇನ್ಸ್‌ಪೆಕ್ಟರಮ್ಮ ಟೋಪಿಯನ್ನು ಕಂಕುಳಲ್ಲಿ ಅವುಚಿಕೊಂಡು, ತರಗತಿಯಿಂದ ಹೊರಗೆ ಹಾಕಿದ ಹುಡುಗಿಯ ಹಾಗೆ ಬಾಗಿಲಲ್ಲೇ ನಿಂತಳು. ಎಂಥೆಂಥ ಖದೀಮರ ಎದುರು ಗುಡುಗಿದವಳು. ಈಗ ಹೊಸಿಲು ದಾಟಲೂ ಅಪ್ಪಣೆಗೆ ಕಾಯುತ್ತಿದ್ದಳು.

ಕಳೆದ ವಾರ ಇದೇ ಮನುಷ್ಯನ ರಟ್ಟೆ ಹಿಡಿದು, ಇಡೀ ಕಚೇರಿ ನೋಡುತ್ತಿದ್ದಂತೆ, “ಒಂದು ಹೆಣ್ಣಿನ ಜೀವ ತಿಂದವನು ನೀನು” ಅಂತ ಎಳೆದುಕೊಂಡು ಹೋದವಳು ಅವಳೇ ಅಲ್ಲವೇ!

“ತಪ್ಪಾಯ್ತು ಸಾರ್,” ಅಂದಳು.

“ಕೇಳಿಸಲಿಲ್ಲ.”

“ತಪ್ಪಾಯ್ತು. ಕ್ಷಮಿಸಿ.”

ಮೇಷ್ಟ್ರು ಹೊರಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೊರಳಿನ ತನಕ ಗುಂಡಿ. ಕೆಲಸದಿಂದ ಅಮಾನತಾಗಿ ಮನೆಯಲ್ಲಿ ಕೂತವರು ಹೀಗೆ ಕಚೇರಿಗೆ ಹೊರಟವರಂತೆ ಬಟ್ಟೆ ಹಾಕಿಕೊಂಡಿದ್ದು ನೋಡಿ ಅವಳು ಕಂಕುಳಲ್ಲಿದ್ದ ಟೋಪಿಯನ್ನು ಇನ್ನಷ್ಟು ಅವುಚಿಕೊಂಡಳು.

“ತಪ್ಪು ತಾನಾಗೇ ಆಗೋಕೆ ಅದೇನು ಮಳೆಯೇನಮ್ಮ? ನೀವು ಮಾಡಿದ್ದು ಅದು.”

“ಹೌದು ಸಾರ್. ನಾನು ಮಾಡಿದೆ.”

ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ. ನಗರದ ಸಂಚಾರ ಯೋಜನಾ ಕಚೇರಿಯ ಹಿರಿಯ ಎಂಜಿನಿಯರ್. ಎದುರಿಗೆ ಸಿಕ್ಕವರ ಮಾತನ್ನೆಲ್ಲ ತಿದ್ದುವ ಚಾಳಿ ನೋಡಿ ಅಲ್ಲಿನವರು ಇಟ್ಟ ಹೆಸರು ಅದು. ಊರಿನ ಡಿಜಿಟಲ್ ಅವಳಿಯನ್ನು ಕಟ್ಟಿದ್ದು ಅವರೇ. ಊರಲ್ಲಿ ಏನಿದೆಯೋ ಎಲ್ಲವೂ ಕಂಪ್ಯೂಟರಿನೊಳಗೆ ಇನ್ನೊಂದು ಸಲ ಇದೆ: ರಸ್ತೆ, ಸಿಗ್ನಲ್, ಬಸ್ಸು, ಹೊಗೆ, ಬೆಳಗಾದರೆ ಮನೆಯಿಂದ ಹೊರಟು ನಡೆಯುವ ಚುಕ್ಕಿಚುಕ್ಕಿ ಜನ. ನಿಜವಾದ ರಸ್ತೆಯನ್ನು ಅಗೆಯುವ ಮುಂಚೆ ಅವಳಿಯಲ್ಲಿ ಅಗೆದು ನೋಡುತ್ತಾರೆ.

ಹಾಗೆ ನೋಡಿಯೇ ಹೊಲಿಗೆ ಕಾರ್ಖಾನೆಯ ಗೇಟಿನ ಎದುರಿದ್ದ ಸಿಗ್ನಲನ್ನು ಕಿತ್ತಿದ್ದು. ಹೊಗೆ ಉಗುಳದ ಹೊಸ ವಿದ್ಯುತ್ ಬಸ್ಸುಗಳು ನಿಲ್ಲದೆ ಓಡಬೇಕಿತ್ತು. ಅಲ್ಲಿ ನಡೆದು ದಾಟುವವರು ಯಾರೂ ಇಲ್ಲ ಅಂತ ಅವಳಿ ಹೇಳಿತು. ಹೋದ ತಿಂಗಳು ಸಂಜೆ ಪಾಳಿ ಮುಗಿಸಿ ಬಂದ ಒಬ್ಬ ಹೆಂಗಸು ಎಂದಿನ ಹಾಗೆ ಅಲ್ಲೇ ದಾಟಿದಳು. ಬಸ್ಸು ನಿಲ್ಲಲಿಲ್ಲ.

ಕಾರ್ಖಾನೆಯ ಅಷ್ಟೊಂದು ಹೆಂಗಸರನ್ನು ಅವಳಿಯಿಂದ ಯಾರೋ ಅಳಿಸಿದ್ದರು. ಮೇಷ್ಟ್ರ ಪಾಸ್‌ವರ್ಡ್ ಹಾಕಿ ಅಳಿಸಿದ್ದರು. ನಮ್ಮ ಇನ್ಸ್‌ಪೆಕ್ಟರಮ್ಮನಿಗೆ ಅಷ್ಟೇ ಸಾಕಾಯಿತು. ಅಳಿಸಿದ್ದು ನಡೆದ ಆ ಶುಕ್ರವಾರ, ಶನಿವಾರ ಎರಡೂ ದಿನ ಮೇಷ್ಟ್ರು ಕಣ್ಣಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದರು ಅನ್ನುವುದನ್ನು ಅವರ ಹೆಂಡತಿ ಬಂದು ಹೇಳಬೇಕಾಯಿತು. ವಿಚಾರಿಸಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಯಾಕೆ ವಿಚಾರಿಸಲಿಲ್ಲ? ಸತ್ಯ ಹೇಳಬೇಕೆಂದರೆ, ಮೊದಲ ಭೇಟಿಯಲ್ಲೇ ಅವರು ಅವಳ ಮಾತು ತಿದ್ದಿದ್ದರು. ಅವಳಿಗೆ ಆ ಮುಖ ಕಂಡರೆ ಆಗುತ್ತಿರಲಿಲ್ಲ. ಅದನ್ನು ಅವಳು ಯಾರ ಹತ್ತಿರವೂ ಒಪ್ಪಿಕೊಂಡಿರಲಿಲ್ಲ; ಈ ಬಾಗಿಲಲ್ಲಿ ನಿಂತಾಗ ತನಗೆ ತಾನೇ ಒಪ್ಪಿಕೊಂಡಳು.

“ಕ್ಷಮೆ ಕೇಳೋ ಜಾಗ ಇದಲ್ಲ,” ಅಂದರು ಮೇಷ್ಟ್ರು. “ಬೈದಿದ್ದು ಎಲ್ಲರ ಮುಂದೆ. ಕ್ಷಮೆ ಮಾತ್ರ ಗುಟ್ಟಾಗಿ ಮನೆ ಬಾಗಿಲಲ್ಲಾ?”

“ಎಲ್ಲರ ಮುಂದೆ ಕೇಳ್ತೀನಿ ಸಾರ್.”

“ಇವತ್ತು ನಾಲ್ಕು ಗಂಟೆಗೆ ಕಚೇರಿಯಲ್ಲಿ ವಿಚಾರಣಾ ಸಮಿತಿ ಕೂರುತ್ತೆ. ಪಾಸ್‌ವರ್ಡ್ ನನ್ನದು, ಅಳಿಸಿದವರು ಸಿಕ್ಕಿಲ್ಲ ಅಂದ್ರೆ ನನ್ನನ್ನೇ ಕಿತ್ತು ಹಾಕ್ತಾರೆ. ಆಮೇಲೆ ನಿಮ್ಮ ಕ್ಷಮೆ ತಗೊಂಡು ನಾನು ಏನು ಮಾಡಲಿ?”

“ಇವರು ಅಂಗಡಿಗೂ ಹೋಗ್ತಿಲ್ಲ,” ಅಂದರು ಹೆಂಡತಿ, ಕುರ್ಚಿಯ ಬೆನ್ನು ಹಿಡಿದುಕೊಂಡು. “ಹಾಲಿನವನು ‘ಸಾರ್ ಬಿಡುಗಡೆ ಆದ್ರಾ’ ಅಂತ ಕೇಳ್ದ.”

ಅವಳು ತಲೆ ತಗ್ಗಿಸಿದಳು. ನೆಲದಲ್ಲಿ ತನ್ನ ಬೂಟಿನ ಮಣ್ಣು ಬಿದ್ದಿತ್ತು. ಈ ಮನೆಗೆ ಬಂದು ಅದನ್ನೂ ಬಿಟ್ಟು ಹೋಗುತ್ತಿದ್ದೇನಲ್ಲ ಅನ್ನಿಸಿತು.

“ಒಂದು ವಿಷಯ ಕಂಡಿದೆ,” ಅಂದರು ಮೇಷ್ಟ್ರು. “ನಿಮ್ಮ ಮೇಲಿನ ಪ್ರೀತಿಗೆ ಹೇಳ್ತಿಲ್ಲ. ಬೇರೆ ಯಾರೂ ಬಂದು ಕೇಳಿಲ್ಲ, ಅದಕ್ಕೆ. ಬನ್ನಿ.”

*

ಅವಳಿಯನ್ನು ಮನೆಯಲ್ಲೇ ಕೂತು ಯಾರು ಬೇಕಾದರೂ ನೋಡಬಹುದು. ತಿದ್ದಲು ಮಾತ್ರ ಕಚೇರಿಯವರ ಪಾಸ್‌ವರ್ಡ್ ಬೇಕು. ಮೇಷ್ಟ್ರು ಕಂಪ್ಯೂಟರಿನಲ್ಲಿ ಎರಡು ನಕ್ಷೆ ತೆರೆದರು. ಎಡಗಡೆ ಅಳಿಸುವ ಮುಂಚಿನ ಊರು, ಬಲಗಡೆ ಅಳಿಸಿದ ಮೇಲಿನ ಊರು. ಎಡಗಡೆ ಕಾರ್ಖಾನೆಯ ಗೇಟಿನಿಂದ ಚುಕ್ಕಿಗಳು ಗೂಡಿನಿಂದ ಹೊರಟ ಇರುವೆಗಳಂತೆ ಹೊರಬರುತ್ತಿದ್ದವು. ಬಲಗಡೆ ಗೇಟು ಖಾಲಿ.

“ಅವಳಿಯಲ್ಲಿರೋ ಜನರನ್ನ ಯಂತ್ರವೇ ಹುಟ್ಟಿಸುತ್ತೆ,” ಅಂದರು. “ಆದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಕೆಲಸಕ್ಕೆ ಸೇರಿದವರು ಮೊದಲ ವಾರ ತಮ್ಮ ಸ್ವಂತ ಮನೆಯನ್ನ ಕೈಯಾರೆ ಅವಳಿಯೊಳಗೆ ಕೂರಿಸಬೇಕು. ಅಪ್ಪ ಎಷ್ಟು ಹೊತ್ತಿಗೆ ಹೊರಡ್ತಾರೆ, ಅಮ್ಮ ಯಾವ ದಾರೀಲಿ ನಡೀತಾರೆ, ಎಲ್ಲ. ಸಾಕ್ಷಿಮನೆ ಅಂತೀವಿ.”

“ಯಾಕೆ?”

“ನಿಮ್ಮಮ್ಮ ಬೆಳಗ್ಗೆ ಏನು ಮಾಡ್ತಾರೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರು? ಅವಳಿ ಸುಳ್ಳು ಹೇಳಿದ್ರೆ ತಕ್ಷಣ ಗೊತ್ತಾಗುತ್ತೆ. ಯಾವುದು ಯಾರ ಮನೆ ಅಂತ ಕೇಳೋ ಹಾಗಿಲ್ಲ. ಅದು ನಾನೇ ಮಾಡಿದ ನಿಯಮ.” ಅವರು ಬಲಗಡೆಯ ನಕ್ಷೆಯಲ್ಲಿ ಊರಾಚೆಯ ಗುಡ್ಡದ ಬಡಾವಣೆಯನ್ನು ಹಿಗ್ಗಿಸಿದರು. “ಈ ಚುಕ್ಕಿ ನೋಡಿ.”

ಒಂದು ಹಸಿರು ಚುಕ್ಕಿ ಒಂದು ಮನೆಯಿಂದ ಹೊರಬಿತ್ತು. ತಿರುವಿನ ತನಕ ಹೋಯಿತು. ನಿಂತಿತು. ವಾಪಸ್ ಮನೆಗೆ ಬಂತು. ಬಾಗಿಲಲ್ಲಿ ಒಂದು ಕ್ಷಣ ಇದ್ದು, ಮತ್ತೆ ಹೊರಟಿತು.

“ಯಂತ್ರ ಹುಟ್ಟಿಸಿದ ಮನುಷ್ಯ ಹೀಗೆ ವಾಪಸ್ ಬರಲ್ಲ. ಅವನಿಗೆ ಮರೆವೂ ಇಲ್ಲ, ಅನುಮಾನವೂ ಇಲ್ಲ. ಇದು ಸಾಕ್ಷಿಮನೆ. ಈಗ ಎಡಗಡೆ ನೋಡಿ. ಇದೇ ಚುಕ್ಕಿ, ಇದೇ ನಡಿಗೆ. ಆದರೆ ಎಲ್ಲಿ? ಕಾರ್ಖಾನೆ ಎದುರಿನ ಗಲ್ಲಿಯಲ್ಲಿ. ಆ ಗೇಟಿನ ಮುಂದೇ ರಸ್ತೆ ದಾಟ್ತಿದ್ದಾರೆ.” ಅವರ ದನಿ ತಗ್ಗಿತು. “ಅಳಿಸೋಕೆ ಕೂತವರು ಮೊದಲು ತಮ್ಮ ಮನೆಯವರನ್ನ ಎತ್ತಿ ಆಚೆ ಇಟ್ಟಿದ್ದಾರೆ. ಬೇರೆಯವರನ್ನ ಅಳಿಸೋಕೆ ಕೈ ಬಂತು. ತಮ್ಮವರನ್ನ ಅಳಿಸೋಕೆ ಬರಲಿಲ್ಲ.”

ಇನ್ಸ್‌ಪೆಕ್ಟರಮ್ಮ ಪರದೆಯ ಕಡೆ ಬಗ್ಗಿದಳು. ಹಸಿರು ಚುಕ್ಕಿ ಮತ್ತೆ ಹೊರಟಿತು, ತಿರುವಿಗೆ ಹೋಯಿತು, ವಾಪಸ್ ಬಂತು. ಅದರ ಹಿಂದೆಯೇ ಇನ್ನೊಂದು ಚುಕ್ಕಿ ಮನೆಯಿಂದ ಹಾರಿಬಿದ್ದು, ಓಡುವ ಹಾಗೆ ಬೇರೆ ದಿಕ್ಕಿಗೆ ಹೋಯಿತು.

ಅವಳ ಕಿವಿ ಬಿಸಿಯಾಯಿತು. ಮೊದಲನೆಯದು ಅವಳ ಅತ್ತೆ.

ಕಾರ್ಖಾನೆ ಎದುರಿನ ಆ ಗಲ್ಲಿ ಅವಳ ಮನೆಯಿರುವ ಗಲ್ಲಿಯೇ; ಬೇರೆ ಯಾರೂ ಇರಲು ಸಾಧ್ಯವಿಲ್ಲ. ಹದಿನೈದು ವರ್ಷದಿಂದ ನೋಡುತ್ತಿದ್ದಾಳೆ: ಅತ್ತೆ ಬೆಳಗಿನ ನಡಿಗೆಗೆ ಹೊರಟು, ತಿರುವಿಗೆ ಹೋಗಿ, ಬೀಗ ಹಾಕಿದೆನೋ ಇಲ್ಲವೋ ಅಂತ ವಾಪಸ್ ಬಂದು, ಬೀಗ ಜಗ್ಗಿ ನೋಡಿ ಮತ್ತೆ ಹೊರಡುತ್ತಾರೆ. ಒಳಗೆ ಮನೆಮಂದಿಯೆಲ್ಲ ಇದ್ದರೂ ಬೀಗ ಹಾಕಿ ಹೋಗುತ್ತಾರೆ ಅಂತ ಮನೆಯಲ್ಲಿ ದಿನಾ ನಗು. ಹಿಂದಿನಿಂದ ಓಡಿದ ಚುಕ್ಕಿ, ಠಾಣೆಗೆ ತಡವಾಗಿ ಓಡುವ ಅವಳೇ. ಆ ಮನೆಯಿಂದ ಅವಳಿಯ ಕಚೇರಿಗೆ ಹೋಗುವವನು ಒಬ್ಬನೇ. ಅವಳ ಮೈದುನ.

“ಗುರುತು ಸಿಕ್ತಾ?” ಅಂತ ಮೇಷ್ಟ್ರು ಕೇಳಿದರು.

ಬಾಯಿ ತೆರೆದಳು. ಹೇಳಬೇಕಿತ್ತು. “ಇನ್ನೂ ಇಲ್ಲ ಸಾರ್,” ಅಂತ ಹೇಳಿಬಿಟ್ಟಳು.

ಛೇ! ಕ್ಷಮೆ ಕೇಳಲು ಬಂದ ಮನೆಯಲ್ಲೇ ಹೊಸದೊಂದು ಸುಳ್ಳು. ಮೇಷ್ಟ್ರ ಹೆಂಡತಿ ಅವಳನ್ನೇ ನೋಡುತ್ತಿದ್ದರು. ಆ ನೋಟ ಎದುರಿಸಲಾಗದೆ, “ನಾಲ್ಕು ಗಂಟೆಗೆ ಬರ್ತೀನಿ, ಅಳಿಸಿದವರನ್ನ ಕರ್ಕೊಂಡೇ ಬರ್ತೀನಿ” ಅಂತ ಗೊಣಗಿ, ಟೋಪಿ ಹಾಕಿಕೊಳ್ಳುವುದನ್ನೂ ಮರೆತು ಮೆಟ್ಟಿಲು ಇಳಿದಳು.

*

“ಏನತ್ತಿಗೆ, ಊಟ ಕೊಡಿಸ್ತೀರಾ?” ಅನ್ನುತ್ತ ಮೈದುನ ಕಚೇರಿಯ ಮುಂದೆ ನಿಂತಿದ್ದ ಜೀಪು ಹತ್ತಿ ಅವಳ ಪಕ್ಕದಲ್ಲಿ ಕೂತ. ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ, ಕಿಸೆಯಲ್ಲಿ ಬಾಚಣಿಗೆ. ಅವಳು ಮದುವೆಯಾಗಿ ಬಂದಾಗ ಅವನು ಹಲ್ಲು ಬಿದ್ದ ಹುಡುಗ. ಮಗ್ಗಿ ಬಾಯಿಪಾಠ ಮಾಡಿಸಿದ್ದು, ಸೈಕಲ್ ಕಲಿಸಿದ್ದು, ಈ ಕೆಲಸದ ಸಂದರ್ಶನಕ್ಕೆ ಟೈ ಕಟ್ಟಿ ಕಳಿಸಿದ್ದು, ಎಲ್ಲ ಅವಳೇ. ಮರಿ ಅಂತಲೇ ಕರೆಯುವುದು, ಈಗಲೂ.

ಚಾಲಕನನ್ನು ಚಹಾ ಕುಡಿದು ಬಾ ಅಂತ ಕಳಿಸಿದಳು. ಗಾಜು ಏರಿಸಿದಳು.

“ಮರಿ, ನಮ್ಮನೆ ಗುಡ್ಡದ ಬಡಾವಣೆಗೆ ಯಾವಾಗ ಹೋಯ್ತೋ?”

ಅವನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಸತ್ತುಹೋಯಿತು.

“ಅತ್ತಿಗೆ...”

“ಅತ್ತೇನ ನೋಡಿದೆ ಕಣೋ, ಮೇಷ್ಟ್ರ ಮನೆಯ ಕಂಪ್ಯೂಟರಲ್ಲಿ. ಪಾಪ, ಗುಡ್ಡದ ಮೇಲೂ ಬೀಗ ಜಗ್ಗೋಕೆ ವಾಪಸ್ ಬರ್ತಿದ್ರು.”

ಅವನು ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ. ಸುತ್ತಿ ಸುತ್ತಿ ಬೆರಳು ಬೆಳ್ಳಗಾಯಿತು.

“ಅಮ್ಮನ್ನ ಹೆಂಗೆ ಅಳಿಸ್ಲಿ ಅತ್ತಿಗೆ? ಒಂದು ಗುಂಡಿ ಒತ್ತಿದ್ರೆ ಆಗೋಗ್ತಿತ್ತು. ಕೈ ಬರಲಿಲ್ಲ.”

“ಬೇರೆಯವರ ಅಮ್ಮಂದಿರು ಆಗಬಹುದಾ?”

“ಅವು ಚುಕ್ಕಿಗಳು ಅಂದ್ಕೊಂಡೆ!” ದನಿ ಒಡೆಯಿತು. “ಆ ಸಿಗ್ನಲ್ ಇದ್ರೆ ಬಸ್ಸಿನ ಯೋಜನೆ ಬಿದ್ದೋಗ್ತಿತ್ತು. ಹಳೇ ಹೊಗೆ ಬಸ್ಸುಗಳೇ ಓಡ್ತಿದ್ವು. ಅಮ್ಮನ ಉಬ್ಬಸ ನಿಮಗೆ ಗೊತ್ತಿಲ್ವಾ? ಇಡೀ ಊರಿಗೆ ಒಳ್ಳೇದಾಗುತ್ತೆ ಅಂತ... ನಡೆಯೋರು ಸ್ವಲ್ಪ ಸುತ್ತಿ ಹೋಗ್ತಾರೆ ಬಿಡು ಅಂತ ಅಂದ್ಕೊಂಡೆ. ಯಾರೋ ಸಾಯ್ತಾರೆ ಅಂತ ಅಂದ್ಕೊಳ್ಳಲಿಲ್ಲ ಅತ್ತಿಗೆ, ನಿಮ್ಮಾಣೆಗೂ.”

“ನನ್ನ ಆಣೆ ಇಡಬೇಡ.” ಅವಳು ಅವನ ಕಡೆ ಪೂರ್ತಿ ತಿರುಗಿದಳು. “ಮೇಷ್ಟ್ರ ಪಾಸ್‌ವರ್ಡು?”

“ಎಲ್ಲರಿಗೂ ಗೊತ್ತು. ಅವರೇ ಕೂಗಿ ಹೇಳ್ತಾರೆ, ಕಾಗುಣಿತ ಸಮೇತ.”

“ಅವರನ್ನ ನಾನು ಎಳ್ಕೊಂಡು ಹೋದೆ. ನೀನು ಆ ಕೋಣೆಯಲ್ಲೇ ಇದ್ದೆ. ನೋಡ್ತಾ ನಿಂತಿದ್ದೆ!”

“ನಾನು ಅವರ ಹೆಸರು ಹೇಳಿದ್ನಾ? ನೀವೇ ಅಂದ್ರಿ, ಊಟದ ಹೊತ್ತಲ್ಲಿ, ‘ಆ ಮನುಷ್ಯನ ಮುಖ ನೋಡಿದ್ರೇ ಗೊತ್ತಾಗುತ್ತೆ’ ಅಂತ. ನಾನು ಸುಮ್ನಿದ್ದೆ. ಅಷ್ಟೇ ಅತ್ತಿಗೆ ನಾನು ಮಾಡಿದ್ದು. ಸುಮ್ನಿದ್ದೆ.”

ನಾಚಿಕೆ ಅಂದರೆ ಏನು ಅಂತ ತನಗೆ ಗೊತ್ತಿದೆ ಅಂತ ಅವಳು ಅಂದುಕೊಂಡಿದ್ದಳು. ಬೆಳಗಿನಿಂದ ಅದರಲ್ಲೇ ಮುಳುಗಿದ್ದಳಲ್ಲ. ಈಗ ಅದು ಮೂಗಿನ ತನಕ ಏರಿತು. ತನ್ನ ಕೈಯಿಂದಲೇ ಬೆಳೆದ ಹುಡುಗ, ತನ್ನ ಬಾಯಿಂದಲೇ ಬಿದ್ದ ಮಾತು, ಅದರ ನಡುವೆ ಇಸ್ತ್ರಿ ಅಂಗಿ ಹಾಕಿಕೊಂಡು ಮನೆಯಲ್ಲಿ ಕೂತ ಒಬ್ಬ ನಿರಪರಾಧಿ.

“ಇಳಿ,” ಅಂದಳು. “ನಾಲ್ಕು ಗಂಟೆ ಆಗ್ತಾ ಬಂತು. ಸಮಿತಿ ಮುಂದೆ ನಿಂತು ಎಲ್ಲಾ ಹೇಳ್ತೀಯ.”

“ಹೇಳ್ತೀನಿ. ಆದ್ರೆ ಇನ್ನೊಂದು ಮಾತಿದೆ ಅತ್ತಿಗೆ. ಅದು...”

“ಬಾಯಿ ಮುಚ್ಚು.”

“ಕೇಳಿ ಒಂದ್ಸಲ...”

“ನಿನ್ನ ಸಬೂಬು ಸಾಕು ಅಂದೆ. ಏನಿದ್ರೂ ಅಲ್ಲಿ ಹೇಳು.”

ಅವನು ಅವಳ ಮುಖ ನೋಡಿದ. ಏನೋ ನುಂಗಿಕೊಂಡು, ಬಾಗಿಲು ತೆರೆದು ಇಳಿದ.

*

ಕಚೇರಿಯ ಸಭಾಂಗಣ ತುಂಬಿತ್ತು. ಗೋಡೆಯ ದೊಡ್ಡ ಪರದೆಯ ಮೇಲೆ ಅವಳಿ ತನ್ನ ಪಾಡಿಗೆ ತಾನು ಓಡುತ್ತಿತ್ತು. ಮುಂದಿನ ಮೇಜಿನ ಹಿಂದೆ ಸಮಿತಿಯವರು, ನಡುವೆ ಅಧ್ಯಕ್ಷೆ, ಕನ್ನಡಕದ ಮೇಲಿನಿಂದ ನೋಡುವ ದಪ್ಪ ಹೆಂಗಸು. ಒಂದು ಪಕ್ಕದಲ್ಲಿ ಕಚೇರಿಯವರೆಲ್ಲ. ಇನ್ನೊಂದು ಪಕ್ಕದಲ್ಲಿ ಬಸ್ ಕಂಪನಿಯವರು, ಅವರ ನಡುವೆ ಇನ್ಸ್‌ಪೆಕ್ಟರಮ್ಮನ ಗಂಡ. ಹೊಸ ಬಸ್ಸುಗಳ ವೇಳಾಪಟ್ಟಿ ಮಾಡಿದವನು ಅವನೇ, ಹಾಗಾಗಿ ಕರೆಸಿದ್ದರು. ಹೆಂಡತಿಯ ಹಿಂದೆ ತಮ್ಮ ಬರುವುದನ್ನು ಕಂಡು ಹುಬ್ಬು ಏರಿಸಿದ.

ಮೇಷ್ಟ್ರು ಒಬ್ಬರೇ, ನಡುವೆ ಹಾಕಿದ ಕುರ್ಚಿಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

“ನಾನು ಮೊದಲು ಮಾತಾಡಬೇಕು,” ಅಂದಳು ಇನ್ಸ್‌ಪೆಕ್ಟರಮ್ಮ.

ಮಾತಾಡಿ ಅನ್ನುವಂತೆ ಅಧ್ಯಕ್ಷೆ ಕೈಯಾಡಿಸಿದರು. ಎಷ್ಟೊಂದು ಕಣ್ಣುಗಳು! ಹೋದ ವಾರವೂ ಇವೇ ಕಣ್ಣುಗಳು ಇದ್ದವು. ಆಗ ಅವಳಿಗೆ ಅವು ಚಪ್ಪಾಳೆಯಂತೆ ಕಂಡಿದ್ದವು.

“ಹೋದ ವಾರ ಇದೇ ಕೋಣೆಯಲ್ಲಿ ನಾನು ಇವರ ರಟ್ಟೆ ಹಿಡಿದು ಎಳೆದೆ. ಜೀವ ತಿಂದವನು ಅಂದೆ. ಒಂದು ಪ್ರಶ್ನೆನೂ ಕೇಳದೆ ಅಂದೆ. ಇವರು ನನ್ನ ಮಾತು ತಿದ್ದಿದ್ರು ಅನ್ನೋ ಸಿಟ್ಟಿಗೆ ಅಂದೆ.” ಮೇಷ್ಟ್ರ ಕಡೆ ತಿರುಗಿದಳು. “ನಾನು ತಪ್ಪು ಮಾಡಿದೆ. ಇವರದು ಏನೂ ತಪ್ಪಿಲ್ಲ. ಅಳಿಸಿದವನು ನನ್ನ ಮನೆಯಲ್ಲೇ ಇದ್ದ. ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದ. ನನ್ನ ಮೈದುನ.”

ಕೋಣೆಯಲ್ಲಿ ಗುಜುಗುಜು ಎದ್ದಿತು. ಮೇಷ್ಟ್ರು ತಲೆಯೆತ್ತಿ ಅವಳನ್ನು ನೋಡಿದರು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಅವಳು ಆ ಕಡೆ ಮತ್ತೆ ನೋಡಲಾಗದೆ ಮೈದುನನ ಬೆನ್ನಿಗೆ ಕೈ ಇಟ್ಟು ಮುಂದೆ ದೂಡಿದಳು.

“ಹೇಳು. ಒಂದಕ್ಷರ ಬಿಡಬೇಡ.”

“ಎಲ್ಲಾನೂ ಹೇಳ್ಲಾ ಅತ್ತಿಗೆ?”

“ಎಲ್ಲಾನೂ.”

ಅವನು ಮೇಜಿನ ಕಡೆ ತಿರುಗಿದ. “ಶುಕ್ರವಾರ ಅಳಿಸಿದ್ದು ನಾನು. ಮನೆ ಸರಿಸಿದ್ದೂ ನಾನು. ಆದರೆ ನಾನು ಅಳಿಸಿದ್ದು ಬೆಳಗಿನ ಪಾಳಿಯವರನ್ನ ಮಾತ್ರ. ಆಮೇಲೆ ನನಗೆ ಮೈ ನಡುಗೋಕೆ ಶುರುವಾಯ್ತು. ಸಂಜೆ ಪಾಳಿಯವರನ್ನ ಮುಟ್ಟದೆ ಎದ್ದುಬಿಟ್ಟೆ. ಶನಿವಾರ ನಾನು ಗೆಳೆಯನ ಊರಿಗೆ ಹೋಗಿದ್ದೆ. ಭಾನುವಾರ ಬಂದು ನೋಡಿದ್ರೆ ಸಂಜೆಯವರೂ ಇರಲಿಲ್ಲ.”

“ಸತ್ತವಳು ಸಂಜೆ ಪಾಳಿಯವಳು,” ಅಂದರು ಅಧ್ಯಕ್ಷೆ, ನಿಧಾನವಾಗಿ.

“ಹೌದು.”

“ಹಾಗಾದ್ರೆ ಅವರನ್ನ ಅಳಿಸಿದ್ದು ಯಾರು?”

ಮೈದುನ ಅತ್ತಿಗೆಯ ಕಡೆ ನೋಡಲಿಲ್ಲ. ಅವಳ ಹೆಗಲಿನ ಆಚೆ, ಬಸ್ ಕಂಪನಿಯವರ ಸಾಲಿನ ಕಡೆ ನೋಡಿದ.

“ಮನೆಯಲ್ಲಿರೋ ನನ್ನ ಕೋಣೆಯ ಕಂಪ್ಯೂಟರಿಂದ ಅಳಿಸಿದ್ದಾರೆ. ಹೇಗೆ ಅಳಿಸೋದು ಅಂತ ನಾನೇ ತೋರಿಸಿಕೊಟ್ಟಿದ್ದೆ. ಅಣ್ಣನಿಗೆ.”

ಯಾವುದೋ ಕುರ್ಚಿ ಕಿರುಗುಟ್ಟಿತು. ಅವಳ ಗಂಡ ಎದ್ದು ನಿಂತಿದ್ದ. ಮುಖ ಕೆಂಪಾಗಿತ್ತು, ಆದರೆ ದನಿ ತಣ್ಣಗಿತ್ತು. ಮನೆಯಲ್ಲಿ ಜಗಳ ಬಿಡಿಸುವಾಗಿನ ದನಿ.

“ಹುಡುಗ ಹೆದರಿದ್ದಾನೆ, ಬಾಯಿಗೆ ಬಂದಿದ್ದು ಹೇಳ್ತಿದ್ದಾನೆ. ಆ ಶನಿವಾರ ನಾನು ಮನೇಲೇ ಇರಲಿಲ್ಲ, ಡಿಪೋದಲ್ಲಿದ್ದೆ. ಬೇಕಾದ್ರೆ ನನ್ನ ಹೆಂಡತೀನೇ ಕೇಳಿ. ಅವತ್ತು ಅವಳಿಗೆ ರಜೆ, ಇಡೀ ದಿನ ಮನೇಲಿದ್ಲು. ಪೊಲೀಸ್ ಇನ್ಸ್‌ಪೆಕ್ಟರ್ ಮಾತು ನಂಬ್ತೀರ ತಾನೇ?”

ಅವಳಿಗೆ ಆ ಶನಿವಾರ ಚೆನ್ನಾಗಿ ನೆನಪಿತ್ತು. ಮೈಗೆ ಸರಿಯಿಲ್ಲ ಅಂತ ಅವನು ಮನೆಯಲ್ಲೇ ಉಳಿದಿದ್ದ. ಅವಳು ಚಹಾ ಹಿಡಿದು ಮರಿಯ ಕೋಣೆಯ ಬಾಗಿಲು ತಳ್ಳಿದಾಗ ಪಟ್ಟನೆ ಪರದೆ ಆರಿಸಿದ್ದ. ಈ ವಯಸ್ಸಲ್ಲಿ ಕದ್ದು ಏನು ನೋಡ್ತೀರಿ ಅಂತ ಅವಳು ಛೇಡಿಸಿದ್ದಳು. ಇಬ್ಬರೂ ನಕ್ಕಿದ್ದರು.

ಗಂಡ ಅವಳನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಬೆದರಿಕೆ ಇರಲಿಲ್ಲ. ಮೊರೆ ಇತ್ತು. ಅದು ಇನ್ನೂ ಕೆಟ್ಟದಾಗಿತ್ತು. ನಡುವಿನ ಕುರ್ಚಿಯಲ್ಲಿ ಮೇಷ್ಟ್ರು ಕರವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದು ಕಾಯುತ್ತಿದ್ದರು.

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೇಳಿ ಇನ್ಸ್‌ಪೆಕ್ಟರ್. ಆ ಶನಿವಾರ ನಿಮ್ಮ ಯಜಮಾನರು ಮನೆಯಲ್ಲಿದ್ರಾ?”